ಲಂಡನ್ ಪೇಟೆಯ ರಷ್ಯನ್ ಗಣಿ ಷೇರುಗಳು: ಬೆಲೆ ಇದ್ದೂ ಮಾರಲಾಗದ ದಿನಗಳು

2022ರ ಮಾರ್ಚ್ ಎರಡನೇ ವಾರದಲ್ಲಿ ಶಿವಮೊಗ್ಗದಿಂದ ಸೋದರಮಾವ ಫೋನ್ ಮಾಡಿದ್ದರು. ನಲವತ್ತು ವರ್ಷ ಅಡಿಕೆ ಮಂಡಿ ನಡೆಸಿದವರು ಅವರು. ಇಂಗ್ಲೆಂಡಿನಲ್ಲಿರುವ ನಾನು ರಷ್ಯಾದ ಚಿನ್ನದ ಗಣಿಯ ಷೇರು ಕೊಂಡು ಸಿಕ್ಕಿಹಾಕಿಕೊಂಡಿರುವ ಸುದ್ದಿ ಅಮ್ಮನ ಮೂಲಕ ಅವರಿಗೆ ತಲುಪಿತ್ತು. "ಮಾರೋಕೆ ಆಗಲ್ಲ ಅಂದ್ರೆ ಏನೋ ಅರ್ಥ? ರೇಟು ಇಳಿಸಿದ್ರೆ ತಗೊಳ್ಳೋರು ಒಬ್ರಾದ್ರೂ ಸಿಕ್ಕೇ ಸಿಗ್ತಾರೆ" ಎಂದರು. "ರೇಟಿನ ಪ್ರಶ್ನೆ ಅಲ್ಲ ಮಾವ, ಆರ್ಡರನ್ನೇ ತಗೊಳ್ತಿಲ್ಲ" ಎಂದೆ. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಕೊಳೆ ಹತ್ತಿದ ಅಡಿಕೆಗೂ ಒಂದು ದರ ಇದ್ದೇ ಇರುತ್ತದೆ ಎಂಬುದು ಅವರ ಜೀವಮಾನದ ಅನುಭವ. ನಿಜ ಹೇಳಬೇಕೆಂದರೆ, ಆ ಫೆಬ್ರುವರಿಯವರೆಗೂ ನಾನೂ ಹಾಗೆಯೇ ನಂಬಿದ್ದೆ. ಷೇರಿನಲ್ಲಿ ಅಪಾಯವೆಂದರೆ ಬೆಲೆ ಬೀಳುವುದು, ಬಿದ್ದಾಗ ನಷ್ಟಕ್ಕೆ ಮಾರಿ ಹೊರಬರುವ ದಾರಿಯಂತೂ ಇದ್ದೇ ಇರುತ್ತದೆ ಎಂದು.

ನನ್ನ ಬಳಿ ಇದ್ದದ್ದು ಪಾಲಿಮೆಟಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿಯ ಇನ್ನೂರು ಷೇರುಗಳು. 2021ರ ಬೇಸಿಗೆಯಲ್ಲಿ, ಷೇರಿಗೆ ಹದಿನೈದು ಪೌಂಡಿನ ಆಸುಪಾಸಿನಲ್ಲಿ, ಇಸಾ ಎಂದು ಇಲ್ಲಿ ಕರೆಯುವ ತೆರಿಗೆರಹಿತ ಉಳಿತಾಯ ಖಾತೆಯಲ್ಲಿ ಕೊಂಡಿದ್ದೆ. ಚಿನ್ನ ಮತ್ತು ಬೆಳ್ಳಿ ತೆಗೆಯುವ ಈ ಕಂಪನಿ ಜೆರ್ಸಿ ದ್ವೀಪದಲ್ಲಿ ನೋಂದಣಿಯಾಗಿತ್ತು, 2011ರಿಂದ ಲಂಡನ್ ಷೇರುಪೇಟೆಯ ಪ್ರೀಮಿಯಂ ವಿಭಾಗದಲ್ಲಿತ್ತು, ಬ್ರಿಟನ್ನಿನ ನೂರು ದೊಡ್ಡ ಕಂಪನಿಗಳ ಎಫ್‌ಟಿಎಸ್‌ಇ 100 ಸೂಚ್ಯಂಕದಲ್ಲಿಯೂ ಸ್ಥಾನ ಪಡೆದಿತ್ತು. ಗಣಿಗಳಿದ್ದದ್ದು ರಷ್ಯಾ ಮತ್ತು ಕಜಕಸ್ತಾನದಲ್ಲಿ. ಒಳ್ಳೆಯ ಡಿವಿಡೆಂಡ್ ಕೊಡುತ್ತಿತ್ತು. ವಾರ್ಷಿಕ ವರದಿ ಓದಿದ್ದೆ, ಸಾಲದ ಪ್ರಮಾಣ ನೋಡಿದ್ದೆ, ಒಂದು ಔನ್ಸ್ ಚಿನ್ನ ತೆಗೆಯಲು ತಗಲುವ ಖರ್ಚನ್ನು ಬೇರೆ ಗಣಿಗಳ ಖರ್ಚಿನೊಂದಿಗೆ ಹೋಲಿಸಿದ್ದೆ. ಸೂಚ್ಯಂಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಬ್ರಿಟಿಷ್ ಕಂಪನಿಯೆಂದು ಮನಸ್ಸಿನಲ್ಲಿ ದಾಖಲಿಸಿಕೊಂಡಿದ್ದು ಮಾತ್ರ ಸೋಮಾರಿತನ. ಸೂಚ್ಯಂಕ ನೋಡುವುದು ನೋಂದಣಿ, ಮಾರುಕಟ್ಟೆ ಮೌಲ್ಯ, ವಹಿವಾಟಿನ ಪ್ರಮಾಣಗಳನ್ನೇ ಹೊರತು ಗಣಿ ಯಾರ ನೆಲದಲ್ಲಿದೆ ಎಂಬುದನ್ನಲ್ಲ.

ಫೆಬ್ರುವರಿ 24ರ ಗುರುವಾರ ರಷ್ಯಾದ ಪಡೆಗಳು ಯುಕ್ರೇನಿನೊಳಗೆ ನುಗ್ಗಿದವು. ಬೆಳಿಗ್ಗೆ ಎಂಟಕ್ಕೆ ಲಂಡನ್ ಪೇಟೆ ತೆರೆದಾಗ ನಾನು ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆ. ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ನಡುವೆ ಎಂದೂ ಕಾಣದಷ್ಟು ಅಂತರವಿತ್ತು. ಮಾರುವ ಗುಂಡಿ ಒತ್ತಿದರೆ ಹದಿನೈದು ಸೆಕೆಂಡ್ ಮಾತ್ರ ಉಳಿಯುವ ಒಂದು ದರ ತೆರೆಯ ಮೇಲೆ ಬರುತ್ತದೆ. ಆ ಹದಿನೈದು ಸೆಕೆಂಡ್ ಕಳೆದು ಮತ್ತೆ ಕೇಳಿದರೆ ದರ ಇನ್ನೂ ಕೆಳಗೆ ಹೋಗಿರುತ್ತಿತ್ತು. ಅಂದು ಸಂಜೆಯ ಹೊತ್ತಿಗೆ ಷೇರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿದ್ದಿತ್ತು. ಆದರೂ ಅಂದು ಮಾರಬಹುದಿತ್ತು, ಕೊಳ್ಳುವವರಿದ್ದರು. ಮಾರದೆ ಕುಳಿತದ್ದು ನನ್ನದೇ ತೀರ್ಮಾನ, ಅದಕ್ಕೆ ನನ್ನ ಬಳಿ ಒಂದು ಪೂರ್ವನಿದರ್ಶನವೂ ಇತ್ತು.

ಆ ನಿದರ್ಶನ ರುಸಾಲ್‌ನದು. ಬಾಕ್ಸೈಟ್ ಗಣಿಯಿಂದ ಹಿಡಿದು ಅಲ್ಯೂಮಿನಿಯಂ ಕರಗಿಸುವವರೆಗೆ ಎಲ್ಲವನ್ನೂ ಮಾಡುವ, ಹಾಂಗ್‌ಕಾಂಗ್ ಪೇಟೆಯಲ್ಲಿರುವ ಈ ರಷ್ಯನ್ ಕಂಪನಿಯ ಮೇಲೆ, ಅದರ ಹಿಂದಿದ್ದ ಒಲೆಗ್ ಡೆರಿಪಾಸ್ಕಾ ಅವರ ಮೇಲೆ ಅಮೆರಿಕ 2018ರ ಏಪ್ರಿಲ್ 6ರಂದು, ಅವರೊಂದಿಗೆ ಹಣದ ವ್ಯವಹಾರ ನಡೆಸಬಾರದೆಂಬ ನಿರ್ಬಂಧ ಹೇರಿತು. ಮುಂದಿನ ಸೋಮವಾರ ರುಸಾಲ್ ಷೇರು ಒಂದೇ ದಿನದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಜಗತ್ತಿಗೆ ಅಲ್ಯೂಮಿನಿಯಂ ಬೇಕಿತ್ತು. ಅದರ ಬೆಲೆ ಏರತೊಡಗಿದಾಗ ಅಮೆರಿಕದ ಖಜಾನೆ ಇಲಾಖೆ ಗಡುವುಗಳನ್ನು ಮತ್ತೆ ಮತ್ತೆ ಮುಂದೂಡಿತು. ಡೆರಿಪಾಸ್ಕಾ ಅವರು ಮಾತೃಸಂಸ್ಥೆಯಾದ ಇಎನ್ ಪ್ಲಸ್‌ನಲ್ಲಿನ ತಮ್ಮ ಪಾಲನ್ನು ಶೇಕಡಾ 50ಕ್ಕಿಂತ ಕೆಳಗಿಳಿಸಿದ ಮೇಲೆ 2019ರ ಜನವರಿಯಲ್ಲಿ ಕಂಪನಿಗಳ ಮೇಲಿನ ನಿರ್ಬಂಧ ತೆರವಾಯಿತು. ಹತ್ತು ತಿಂಗಳು ಕೈಕಟ್ಟಿ ಕುಳಿತವರ ಷೇರುಗಳು ಕೊನೆಗೂ ಮುಟ್ಟಬಹುದಾದ ಷೇರುಗಳಾದವು. ನಿರ್ಬಂಧವೆಂದರೆ ಕಂಪನಿಯ ಒಡೆತನ ಸರಿಪಡಿಸಿಕೊಂಡರೆ ಮುಗಿಯುವ ಗದ್ದಲ ಎಂದು ನಾನು ಅದರಿಂದ ತಿಳಿದುಕೊಂಡಿದ್ದೆ. ಒಂದೇ ಉದಾಹರಣೆಯಿಂದ ನಿಯಮ ಕಟ್ಟಿಕೊಂಡ ತಪ್ಪಿನ ಬೆಲೆ 2022ರಲ್ಲಿ ತಿಳಿಯಿತು. 2018ರಲ್ಲಿ ಗುರಿಯಾಗಿದ್ದವರು ಕೆಲವು ವ್ಯಕ್ತಿಗಳು ಮತ್ತು ಅವರ ಕಂಪನಿಗಳು. 2022ರಲ್ಲಿ ಗುರಿಯಾಗಿದ್ದು ಒಂದು ದೇಶದ ಹಣಕಾಸಿನ ವ್ಯವಸ್ಥೆಯೇ.

ಅದೇ ಎಫ್‌ಟಿಎಸ್‌ಇ 100ರಲ್ಲಿದ್ದ ಎವ್ರಾಜ್‌ನ ಕತೆ ಚಿಕ್ಕದು. ಉಕ್ಕು, ಕಬ್ಬಿಣದ ಅದಿರು ಮತ್ತು ಕಲ್ಲಿದ್ದಲಿನ ಈ ಕಂಪನಿಯಲ್ಲಿ ರಷ್ಯಾದ ಶ್ರೀಮಂತ ಉದ್ಯಮಿ ರೋಮನ್ ಅಬ್ರಮೊವಿಚ್ ಅವರಿಗೆ ಕಾಲುಭಾಗಕ್ಕೂ ಮೀರಿದ ಪಾಲಿತ್ತು. ಬ್ರಿಟಿಷ್ ಸರ್ಕಾರ ಮಾರ್ಚ್ 10ರಂದು ಅವರ ಮೇಲೆ ನಿರ್ಬಂಧ ಹೇರಿತು, ಅದೇ ದಿನ ಎವ್ರಾಜ್ ಷೇರಿನ ವಹಿವಾಟನ್ನು ಅಮಾನತುಗೊಳಿಸಲಾಯಿತು. ಷೇರಿನ ಬೆಲೆ ಆಗ ಒಂದು ಪೌಂಡ್‌ಗೂ ಕಡಿಮೆಗೆ ಇಳಿದಿತ್ತು. ಮೇ ತಿಂಗಳಲ್ಲಿ ಕಂಪನಿಯ ಮೇಲೆಯೇ ನಿರ್ಬಂಧ ಬಂತು. ಕಂಪನಿಯ ಬಹುಪಾಲು ಒಬ್ಬ ನಿರ್ಬಂಧಿತನ ಕೈಯಲ್ಲಿದ್ದರೆ ಮಾತ್ರ ತೊಂದರೆ ಎಂದು ಲೆಕ್ಕ ಹಾಕಿದ್ದವರಿಗೆ ಇಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಶೇಕಡಾ 50 ಎಂಬುದು ಕಾಗದದ ಮೇಲಿನ ಗೆರೆ. ಬ್ರಿಟನ್ನಿನ ನಿಯಮದಲ್ಲಿ ಹಿಡಿತ ಯಾರದು ಎಂಬ ಪ್ರಶ್ನೆಯೂ ಇದೆ, ಅದಕ್ಕೆ ಉತ್ತರ ಬರುವವರೆಗೆ ಬ್ಯಾಂಕುಗಳೂ ಬ್ರೋಕರುಗಳೂ ಕಾಯುವುದಿಲ್ಲ.

ಪೆಟ್ರೊಪಾವ್ಲೊವ್‌ಸ್ಕ್‌ನ ಪ್ರಕರಣವನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದರಲ್ಲಿಯೂ ನಾನು ಒಂದಿಷ್ಟು ಹಣ ಹಾಕಿದ್ದೆ, ಅದೂ ಯುದ್ಧ ಶುರುವಾದ ಮೇಲೆ. ರಷ್ಯಾದ ದೂರಪೂರ್ವದ ಅಮೂರ್ ಪ್ರಾಂತದಲ್ಲಿ ಗಣಿಗಳಿದ್ದ, 1994ರಲ್ಲಿ ಲಂಡನ್ನಿನ ಪೀಟರ್ ಹ್ಯಾಂಬ್ರೊ ಅವರೂ ಸೇರಿ ಕಟ್ಟಿದ ಈ ಚಿನ್ನದ ಕಂಪನಿಯ ಮೇಲೆ ಯಾರೂ ನಿರ್ಬಂಧ ಹೇರಿರಲಿಲ್ಲ. ಅದರ ಗಣಿಗಳು ನಿಂತಿರಲಿಲ್ಲ, ಚಿನ್ನದ ಬೆಲೆಯೂ ಕುಸಿದಿರಲಿಲ್ಲ. ಷೇರು ನೆಲಕಚ್ಚಿತ್ತು, ಇದು ಕಂಪನಿಯ ತಪ್ಪಲ್ಲ, ಪೇಟೆಯ ಗಾಬರಿ ಎಂದು ತೀರ್ಮಾನಿಸಿ ಕೊಂಡೆ. ಇಂಥದ್ದನ್ನು ನಮ್ಮಲ್ಲಿ ಹಲವರು ಧೈರ್ಯವೆಂದು ಕರೆಯುತ್ತಾರೆ.

ನಾನು ನೋಡದೆ ಬಿಟ್ಟದ್ದು ವಾರ್ಷಿಕ ವರದಿಯ ಸಾಲದ ಟಿಪ್ಪಣಿಯನ್ನು. ಪೆಟ್ರೊಪಾವ್ಲೊವ್‌ಸ್ಕ್‌ಗೆ ಸುಮಾರು 20 ಕೋಟಿ ಡಾಲರ್ ಅವಧಿ ಸಾಲ ಕೊಟ್ಟಿದ್ದು ರಷ್ಯಾದ ಬ್ಯಾಂಕಾದ ಗಾಜ್‌ಪ್ರೊಮ್‌ಬ್ಯಾಂಕ್. ಸಾಲದ ಒಪ್ಪಂದದಂತೆ ಕಂಪನಿ ತನ್ನ ಚಿನ್ನವನ್ನು ಮಾರಬೇಕಾಗಿದ್ದದ್ದೂ ಅದೇ ಬ್ಯಾಂಕಿಗೆ. ಮಾರ್ಚ್ 24ರಂದು ಬ್ರಿಟನ್ ಆ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಅಲ್ಲಿಗೆ, ಬ್ರಿಟಿಷ್ ಕಂಪನಿಯಾದ ಪೆಟ್ರೊಪಾವ್ಲೊವ್‌ಸ್ಕ್ ತನಗೆ ಸಾಲ ಕೊಟ್ಟ ಬ್ಯಾಂಕಿಗೆ ಬಡ್ಡಿ ಕಟ್ಟುವುದು ಕಾನೂನುಬಾಹಿರವಾಯಿತು, ಕಟ್ಟದಿರುವುದು ಒಪ್ಪಂದದ ಉಲ್ಲಂಘನೆಯಾಯಿತು. ಗಣಿಯಿಂದ ಚಿನ್ನ ಬರುತ್ತಿದೆ, ಅದನ್ನು ನಿಗದಿತ ಗ್ರಾಹಕನಿಗೆ ಮಾರುವಂತಿಲ್ಲ; ಹಣವಿದೆ, ಅದನ್ನು ಸಾಲಕ್ಕೆ ಜಮಾ ಮಾಡುವಂತಿಲ್ಲ. ಮಾರ್ಚ್ 7ರಂದೇ ಲಂಡನ್ ಚಿನಿವಾರ ಪೇಟೆಯ ಸಂಘ ತನ್ನ ಮಾನ್ಯತಾ ಪಟ್ಟಿಯಿಂದ ರಷ್ಯಾದ ಆರು ಶುದ್ಧೀಕರಣ ಘಟಕಗಳನ್ನು ಅಮಾನತುಗೊಳಿಸಿದ್ದರಿಂದ ಹೊರಗಿನ ಗ್ರಾಹಕರೂ ಸುಲಭವಾಗಿ ಸಿಗುವಂತಿರಲಿಲ್ಲ. ಏಪ್ರಿಲ್‌ನಲ್ಲಿ ಬ್ಯಾಂಕು ಆ ಸಾಲವನ್ನು ಗಣಿ ಮತ್ತು ಲೋಹದ ವ್ಯವಹಾರ ಮಾಡುವ ರಷ್ಯಾದ ಯುಎಂಎಂಸಿ ಸಮೂಹದ ಹೂಡಿಕೆ ಕಂಪನಿಗೆ ವರ್ಗಾಯಿಸಿತು, ಹೊಸ ಸಾಲಿಗ ಇಡೀ ಮೊತ್ತವನ್ನು ತಕ್ಷಣ ಕಟ್ಟಿ ಎಂದ. ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆ ನಡೆಸುವ ಆಡಳಿತಾಧಿಕಾರಿಗಳ ಕೈಸೇರಿತು, ಗಣಿಗಳು ಅದೇ ಯುಎಂಎಂಸಿಯ ಪಾಲಾದವು, ಬಂದ ಹಣ ಸಾಲ ಕೊಟ್ಟವರಿಗೆ ಹೋಯಿತು. ಷೇರುದಾರರಿಗೆ ಒಂದು ಪೆನ್ನಿಯೂ ಉಳಿಯಲಿಲ್ಲ. ಚಿನ್ನ ತೆಗೆಯುತ್ತಲೇ ಇದ್ದ ಒಂದು ಕಂಪನಿ ನಾಲ್ಕೇ ತಿಂಗಳಲ್ಲಿ ಷೇರುದಾರರ ಕೈಬಿಟ್ಟು ಹೋದದ್ದನ್ನು ನಾನು ಮೊದಲ ಬಾರಿಗೆ ನೋಡಿದ್ದು ಆಗ.

ಈಗ ಸೂಚ್ಯಂಕದ ವಿಷಯ. ಸಾಮಾನ್ಯ ದಿನಗಳಲ್ಲಿ ಒಂದು ಷೇರನ್ನು ಸೂಚ್ಯಂಕದಿಂದ ಕೈಬಿಡುವುದು ಅಂಥ ದೊಡ್ಡ ಘಟನೆಯಲ್ಲ. ಮೂರು ತಿಂಗಳಿಗೊಮ್ಮೆ ಪರಿಷ್ಕರಣೆ ನಡೆಯುತ್ತದೆ, ಚಿಕ್ಕದಾದ ಕಂಪನಿ ಕೆಳಗಿಳಿಯುತ್ತದೆ, ದೊಡ್ಡದಾದದ್ದು ಮೇಲೇರುತ್ತದೆ. ಸೂಚ್ಯಂಕವನ್ನು ಅನುಸರಿಸುವ ಇಂಡೆಕ್ಸ್ ಫಂಡುಗಳು ಜಾರಿಯ ದಿನದ ಹಿಂದಿನ ಸಂಜೆ ಕೈಬಿಟ್ಟ ಷೇರನ್ನು ಮಾರುತ್ತವೆ. ಅವಕ್ಕೆ ಬೆಲೆ ಚೆನ್ನಾಗಿದೆಯೇ ಎಂದು ನೋಡುವ ಅಧಿಕಾರವಿಲ್ಲ, ಮಾರಲೇಬೇಕು. ಎಲ್ಲರೂ ಒಟ್ಟಿಗೆ ಮಾರುವುದರಿಂದ ಬೆಲೆ ಕುಗ್ಗುತ್ತದೆ, ಹಲವು ಸಲ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಈ ಕುಗ್ಗಿದ ಬೆಲೆಯಲ್ಲಿ ಕೊಳ್ಳುವುದನ್ನೇ ಒಂದು ತಂತ್ರವಾಗಿ ಮಾಡಿಕೊಂಡವರೂ ಇದ್ದಾರೆ. ಆ ತಂತ್ರದ ಹಿಂದೆ ಒಂದು ಹೇಳದ ಊಹೆಯಿದೆ: ಫಂಡುಗಳು ಬಿಟ್ಟುಹೋದ ಷೇರನ್ನು ಕೊಳ್ಳಲು ಬೇರೆಯವರಿಗೆ ಅಡ್ಡಿಯಿಲ್ಲ.

2022ರ ಮಾರ್ಚ್ 11ರಂದು ಎಫ್‌ಟಿಎಸ್‌ಇ ರಸೆಲ್ ಸಂಸ್ಥೆ ಎವ್ರಾಜ್, ಪಾಲಿಮೆಟಲ್, ಪೆಟ್ರೊಪಾವ್ಲೊವ್‌ಸ್ಕ್ ಮತ್ತು ರಷ್ಯಾದಲ್ಲಿ ಗೋದಾಮುಗಳಿದ್ದ ರೇವನ್ ಪ್ರಾಪರ್ಟಿ ಗ್ರೂಪ್‌ಗಳನ್ನು ಮಾರ್ಚ್ 21ರಿಂದ ತನ್ನ ಎಲ್ಲ ಸೂಚ್ಯಂಕಗಳಿಂದ ತೆಗೆಯುವುದಾಗಿ ಪ್ರಕಟಿಸಿತು. ಕೊಟ್ಟ ಕಾರಣವನ್ನು ಗಮನಿಸಬೇಕು. ಕಂಪನಿ ಚಿಕ್ಕದಾಯಿತೆಂದಲ್ಲ, ಅಪರಾಧ ಮಾಡಿತೆಂದೂ ಅಲ್ಲ. ಬ್ರಿಟನ್ನಿನ ಮತ್ತು ಹೊರಗಿನ ಬ್ರೋಕರುಗಳು ಈ ಷೇರುಗಳ ವ್ಯವಹಾರವನ್ನು ಇನ್ನು ಮುಂದೆ ಕೈಗೆತ್ತಿಕೊಳ್ಳುವುದಿಲ್ಲವೆಂದು ಪೇಟೆಯಿಂದ ತಿಳಿದುಬಂದಿದೆ, ಹಾಗಾದರೆ ಫಂಡುಗಳು ಸೂಚ್ಯಂಕವನ್ನು ಅನುಸರಿಸಲಾರವು ಎಂಬುದು ಕಾರಣ. ಅಂದರೆ ಬಾಗಿಲು ಮುಚ್ಚುತ್ತಿರುವುದನ್ನು ಸೂಚ್ಯಂಕ ಕೇವಲ ದಾಖಲಿಸಿತು. ಹಾಗೆ ದಾಖಲಿಸಿದ್ದರಿಂದ ಬಾಗಿಲು ಇನ್ನೂ ಬೇಗ ಮುಚ್ಚಿತು. ಪಾಲಿಮೆಟಲ್ ಆ ದಿನಗಳಲ್ಲಿ ಎರಡು ಪೌಂಡ್‌ಗೂ ಕೆಳಗೆ ಹೋಗಿಬಂತು. ನನ್ನ ಬ್ರೋಕರ್ ಸಂಸ್ಥೆ ಮೊದಲು ಕೊಳ್ಳುವ ಆರ್ಡರುಗಳನ್ನು ನಿಲ್ಲಿಸಿತು, ಆಮೇಲೆ ಕೆಲವು ದಿನ ಮಾರುವುದನ್ನೂ ಆನ್‌ಲೈನಿನಲ್ಲಿ ನಿಲ್ಲಿಸಿ ಫೋನಿನಲ್ಲಿ ಮಾತ್ರ ಎಂದಿತು. ಫೋನಿನಲ್ಲಿ ಐವತ್ತು ನಿಮಿಷ ಕಾದ ಮೇಲೆ ಸಿಕ್ಕ ಹುಡುಗ ಬಹಳ ಸಭ್ಯವಾಗಿ, ಇವತ್ತು ನಮ್ಮ ಕಡೆಯಿಂದ ದರ ಕೊಡುವವರು ಯಾರೂ ಇಲ್ಲ, ನಾಳೆ ಪ್ರಯತ್ನಿಸಿ ಎಂದ. ಮಾವನ ಫೋನ್ ಬಂದದ್ದು ಆ ಸಂಜೆಯೇ.

ಲಂಡನ್ ಷೇರುಪೇಟೆಯಲ್ಲಿ ಪಾಲಿಮೆಟಲ್‌ನ ವಹಿವಾಟು ಅಧಿಕೃತವಾಗಿ ಒಂದು ದಿನವೂ ನಿಂತಿರಲಿಲ್ಲ ಎಂಬುದು ಇದರ ವಿಚಿತ್ರ. ಪೇಟೆ ತೆರೆದಿತ್ತು, ನಾನು ಪೇಟೆಗೆ ಹೋಗುವ ದಾರಿ ಮುಚ್ಚಿತ್ತು. ಮಾವನಿಗೆ ಅಂದು ಹೇಳಲು ತೋಚದ ವಿವರಣೆ ಆಮೇಲೆ ಹೊಳೆಯಿತು. ಅಡಿಕೆಗೆ ದರ ಇಲ್ಲವೆಂದಲ್ಲ. ಈ ಚೀಲ ಮುಟ್ಟಿದರೆ ಲೈಸೆನ್ಸ್ ಹೋದೀತೆಂದು ಹಮಾಲರಿಂದ ಹಿಡಿದು ತೂಕದವನವರೆಗೆ ಎಲ್ಲರೂ ಹಿಂದೆ ಸರಿದರೆ ಏನಾಗುತ್ತದೋ ಅದು. ಕಾನೂನು ಬೇಡವೆಂದದ್ದಕ್ಕಿಂತ ಹೆಚ್ಚಿನದನ್ನು ಬ್ಯಾಂಕು ಬ್ರೋಕರುಗಳ ಕಾನೂನು ವಿಭಾಗಗಳು ಬೇಡವೆನ್ನುತ್ತವೆ. ತಪ್ಪಿದರೆ ಬೀಳುವ ದಂಡ ದೊಡ್ಡದು, ನನ್ನಂಥ ಇನ್ನೂರು ಷೇರಿನ ಗಿರಾಕಿಯಿಂದ ಸಿಗುವ ಕಮಿಷನ್ ಚಿಕ್ಕದು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಮಾಸ್ಕೋ ಪೇಟೆಯಲ್ಲಿಯೇ ನೋಂದಣಿಯಾಗಿದ್ದ ಷೇರುಗಳಿಗೆ ಆದದ್ದು ಇದಕ್ಕಿಂತ ನೇರವಾದ ಪೆಟ್ಟು. ಮಾಸ್ಕೋ ಷೇರುಪೇಟೆ ಫೆಬ್ರುವರಿ 28ರಿಂದ ಮಾರ್ಚ್ 24ರವರೆಗೆ ಮುಚ್ಚಿತ್ತು, ಮತ್ತೆ ತೆರೆದಾಗಲೂ ವಿದೇಶೀಯರು ಮಾರುವಂತಿರಲಿಲ್ಲ. ಎಂಎಸ್‌ಸಿಐ ಸಂಸ್ಥೆ ರಷ್ಯಾವನ್ನು ಉದಯೋನ್ಮುಖ ಮಾರುಕಟ್ಟೆಗಳ ಸೂಚ್ಯಂಕದಿಂದ ಮಾರ್ಚ್ 9ರ ವಹಿವಾಟಿನ ಅಂತ್ಯಕ್ಕೆ ಹೊರಗಿಟ್ಟಿತು. ಹೊರಗಿಡುವಾಗ ಆ ಷೇರುಗಳಿಗೆ ಹೆಚ್ಚುಕಡಿಮೆ ಸೊನ್ನೆ ಬೆಲೆ ಕಟ್ಟಿತು. ಸೊನ್ನೆ ಬೆಲೆಗೆ ತೆಗೆಯುವುದೆಂದರೆ ಏನೆಂದು ಬಹಳ ಜನ ಯೋಚಿಸುವುದಿಲ್ಲ. ಫಂಡು ಆ ಷೇರನ್ನು ಮಾರಿರುವುದಿಲ್ಲ, ಮಾರಲಾಗುವುದೂ ಇಲ್ಲ. ಅದು ಫಂಡಿನ ಕಪಾಟಿನಲ್ಲಿಯೇ ಇರುತ್ತದೆ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಬೆಲೆಯಿಲ್ಲ. ನನ್ನ ಪಿಂಚಣಿಯ ಹಣ ಇಂಥ ಒಂದು ಫಂಡಿನಲ್ಲಿತ್ತು. ಯುದ್ಧಕ್ಕೆ ಮುಂಚೆ ಆ ಸೂಚ್ಯಂಕದಲ್ಲಿ ರಷ್ಯಾದ ತೂಕ ನೂರರಲ್ಲಿ ಮೂರರ ಆಸುಪಾಸು ಇದ್ದುದರಿಂದ, ಇಡೀ ಒಂದು ದೇಶ ಅಳಿಸಿಹೋದದ್ದು ನನ್ನ ಪಿಂಚಣಿ ಪತ್ರದಲ್ಲಿ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿರಲಿಲ್ಲ. ರಷ್ಯಾ ಬಿಟ್ಟ ಜಾಗ ಉಳಿದ ದೇಶಗಳಿಗೆ ಹಂಚಿಹೋಯಿತು, ಭಾರತದ ತೂಕವೂ ಆ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚಿತು. ಅದೇ ಘಟನೆ ನೇರವಾಗಿ ಷೇರು ಹಿಡಿದಿದ್ದ ನನ್ನ ಇಸಾ ಖಾತೆಯಲ್ಲಿ ಗುಂಡಿ ತೋಡಿತ್ತು.

ನಿರ್ಬಂಧಕ್ಕೆ ಎರಡು ಬದಿಗಳಿರುತ್ತವೆ ಎಂಬುದೂ ಆ ವರ್ಷ ಸ್ಪಷ್ಟವಾಯಿತು. ಲಂಡನ್ ಪೇಟೆ ಮಾರ್ಚ್ 3ರಂದು ಇಪ್ಪತ್ತಕ್ಕೂ ಹೆಚ್ಚು ರಷ್ಯನ್ ಕಂಪನಿಗಳ ಡೆಪಾಸಿಟರಿ ರಸೀದಿಗಳ ವಹಿವಾಟು ನಿಲ್ಲಿಸಿತು. ದೊಡ್ಡ ಚಿನ್ನದ ಗಣಿ ಕಂಪನಿ ಪಾಲಿಯಸ್ ಕೂಡ ಅವುಗಳಲ್ಲಿತ್ತು. ಏಪ್ರಿಲ್‌ನಲ್ಲಿ ರಷ್ಯಾ ತನ್ನದೇ ಕಾನೂನು ತಂದು, ವಿಶೇಷ ಅನುಮತಿ ಪಡೆದವನ್ನು ಬಿಟ್ಟು ಉಳಿದ ಕಂಪನಿಗಳು ಇಂಥ ರಸೀದಿಗಳನ್ನು ರದ್ದುಮಾಡಬೇಕೆಂದಿತು. ರಸೀದಿ ಎಂದರೆ ಷೇರಲ್ಲ, ಷೇರಿನ ಮೇಲಿನ ಹಕ್ಕುಪತ್ರ. ಮೂಲ ಷೇರು ಮಾಸ್ಕೋದಲ್ಲಿರುತ್ತದೆ, ಅದನ್ನು ಪಡೆಯಲು ಅಲ್ಲಿ ಖಾತೆ ಬೇಕು, ಖಾತೆ ತೆರೆದರೂ ಡಿವಿಡೆಂಡ್ ಹೊರತರಲಾಗದ ವಿಶೇಷ ಖಾತೆಗೆ ಅದು ಬೀಳುತ್ತದೆ. ಜೂನ್ 3ರಂದು ಯುರೋಪಿಯನ್ ಒಕ್ಕೂಟ ಷೇರುಗಳನ್ನು ಲೆಕ್ಕವಿಟ್ಟು ಕಾಪಿಡುವ ರಷ್ಯಾದ ರಾಷ್ಟ್ರೀಯ ಡೆಪಾಸಿಟರಿಯ ಮೇಲೆಯೇ ನಿರ್ಬಂಧ ಹೇರಿದಾಗ, ಮಾಸ್ಕೋದಲ್ಲಿ ಪಾಲಿಮೆಟಲ್ ಕೊಂಡಿದ್ದ ರಷ್ಯನ್ನರೂ ನನ್ನಂತೆಯೇ ಸಿಕ್ಕಿಬಿದ್ದರು. ಒಂದೇ ಕಂಪನಿಯ ಒಂದೇ ಬಗೆಯ ಷೇರಿಗೆ, ಅದು ಯಾವ ಕಪಾಟಿನಲ್ಲಿದೆ ಎಂಬುದರ ಮೇಲೆ, ಎರಡು ಬೇರೆ ಬೇರೆ ಹಣೆಬರಹ. ಮಾರ್ಚ್ ಆರಂಭದಲ್ಲಿ ಪ್ರಸ್ತಾಪಿಸಿದ್ದ ಡಿವಿಡೆಂಡನ್ನು ಕಂಪನಿ ಮೊದಲು ಮುಂದೂಡಿ ಆಮೇಲೆ ಕೈಬಿಟ್ಟಿತು.

ಪಾಲಿಮೆಟಲ್‌ನಿಂದ ನಾನು ಹೊರಬಂದದ್ದು 2023ರ ಬೇಸಿಗೆಯಲ್ಲಿ. ಅದರ ರಷ್ಯನ್ ಅಂಗಸಂಸ್ಥೆಯ ಮೇಲೆ ಅಮೆರಿಕ ಮೇ 19ರಂದು ನಿರ್ಬಂಧ ಹೇರಿತ್ತು. ಕಂಪನಿ ತನ್ನ ನೋಂದಣಿಯನ್ನು ಜೆರ್ಸಿಯಿಂದ ಕಜಕಸ್ತಾನದ ಅಸ್ತಾನಾಕ್ಕೆ ಆಗಸ್ಟ್‌ನಲ್ಲಿ ವರ್ಗಾಯಿಸುವುದು, ಲಂಡನ್ ಪೇಟೆಯನ್ನು ಬಿಡುವುದು ಖಚಿತವಾಗಿತ್ತು. ಅಸ್ತಾನಾ ಪೇಟೆಯ ಷೇರುಗಳನ್ನು ತಾನು ಇರಿಸಿಕೊಳ್ಳುವುದಿಲ್ಲ, ಇಂತಿಷ್ಟರೊಳಗೆ ಮಾರಿ ಅಥವಾ ಬೇರೆಡೆಗೆ ವರ್ಗಾಯಿಸಿಕೊಳ್ಳಿ ಎಂದು ಬ್ರೋಕರ್ ಸಂಸ್ಥೆಯಿಂದ ಪತ್ರ ಬಂತು. ವರ್ಗಾಯಿಸಿಕೊಳ್ಳಲು ನನ್ನ ಮಟ್ಟದ ಹೂಡಿಕೆದಾರನಿಗೆ ಜಾಗವಿರಲಿಲ್ಲ, ಮಾರಿದೆ. ಕೊಂಡ ಬೆಲೆಯ ಆರನೇ ಒಂದು ಪಾಲೂ ಕೈಗೆ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ಕಂಪನಿ ರಷ್ಯಾದ ಗಣಿಗಳನ್ನೆಲ್ಲ ಮಾರಿತು, ಸಾಲಿಡ್‌ಕೋರ್ ರಿಸೋರ್ಸಸ್ ಎಂದು ಹೆಸರು ಬದಲಿಸಿಕೊಂಡು ಕಜಕಸ್ತಾನದ ಗಣಿಗಳೊಂದಿಗೆ ಬದುಕುಳಿದಿದೆ. ಅಂದರೆ ಕಂಪನಿಯ ಬಗ್ಗೆ ನನ್ನ ಅಂದಾಜು ತೀರಾ ತಪ್ಪಾಗಿರಲಿಲ್ಲ. ಕಂಪನಿ ಉಳಿಯುವುದು ಬೇರೆ, ನಾನು ಅದರಲ್ಲಿ ಉಳಿಯಲು ಸಾಧ್ಯವಾಗುವುದು ಬೇರೆ.

ಸರ್ಕಾರಗಳು ಗಣಿಗೆ ಕೈಹಾಕುವುದು ಹೊಸತೇನಲ್ಲ. ಕೋಲಾರದ ಚಿನ್ನದ ಗಣಿಗಳ ಷೇರುಗಳೂ ಒಂದು ಕಾಲಕ್ಕೆ ಲಂಡನ್ ಪೇಟೆಯಲ್ಲಿಯೇ ಮಾರಾಟವಾಗುತ್ತಿದ್ದವು. ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಆ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಆದರೆ ಆಗ ಪರಿಹಾರದ ಮಾತುಕತೆಯಿತ್ತು, ಎದುರಿಗೆ ಕುಳಿತ ಒಬ್ಬ ಕೊಳ್ಳುವವನಿದ್ದ. ನಿರ್ಬಂಧದಲ್ಲಿ ಷೇರು ನನ್ನದಾಗಿಯೇ ಉಳಿಯುತ್ತದೆ, ಯಾರೂ ಅದನ್ನು ಕಿತ್ತುಕೊಳ್ಳುವುದಿಲ್ಲ, ಆದ್ದರಿಂದ ಪರಿಹಾರ ಕೇಳಲು ಯಾರೂ ಇರುವುದಿಲ್ಲ.

ಈಗಲೂ ಗಣಿ ಷೇರು ಕೊಳ್ಳುತ್ತೇನೆ. ಓದುವ ಕ್ರಮ ಮಾತ್ರ ಬದಲಾಗಿದೆ. ಮೊದಲು ಔನ್ಸಿಗೆ ತಗಲುವ ಖರ್ಚಿನಿಂದ ಶುರುಮಾಡುತ್ತಿದ್ದವನು ಈಗ ವರದಿಯ ಕೊನೆಯ ಪುಟಗಳಿಂದ ಶುರುಮಾಡುತ್ತೇನೆ. ಸಾಲ ಕೊಟ್ಟಿರುವ ಬ್ಯಾಂಕು ಯಾವ ದೇಶದ್ದು, ತೆಗೆದ ಅದಿರನ್ನು ಕೊಳ್ಳುವವನು ಒಬ್ಬನೇ ಆಗಿದ್ದರೆ ಅವನು ಯಾರು, ಕಾಲುಭಾಗಕ್ಕಿಂತ ಹೆಚ್ಚು ಪಾಲು ಯಾರ ಕೈಯಲ್ಲಿದೆ, ನನ್ನ ಬಳಿ ಬರುವುದು ಷೇರೋ ರಸೀದಿಯೋ ಎಂಬುದು ಅಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಸೂಚ್ಯಂಕದಿಂದ ತೆಗೆಯುವ ಸೂಚನೆ ಬಂದಾಗ ಅದರ ಕಾರಣವನ್ನು ಪೂರ್ತಿ ಓದುತ್ತೇನೆ. ಗಾತ್ರದ ಕಾರಣವಾದರೆ ಸುಮ್ಮನಿರಬಹುದು, ವಹಿವಾಟು ಸಾಧ್ಯವಿಲ್ಲ ಎಂಬ ಕಾರಣವಾದರೆ ಜಾರಿಯ ದಿನದವರೆಗೆ ಕಾಯುವುದಿಲ್ಲ. ಇದರಿಂದ ಕೆಲವು ಸಲ ಅಗ್ಗಕ್ಕೆ ಮಾರಿದಂತಾಗುತ್ತದೆ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಒಂದೇ ಸರ್ಕಾರದ ಒಂದು ಸಹಿಯಿಂದ ಸಿಕ್ಕಿಬೀಳಬಹುದಾದ ಷೇರಿಗೆ, ಐದು ವರ್ಷ ಕೈಗೆ ಸಿಗದಿದ್ದರೂ ಮನೆಖರ್ಚು ಏರುಪೇರಾಗದಷ್ಟು ಹಣವನ್ನು ಮಾತ್ರ ಹಾಕುತ್ತೇನೆ.

ಇನ್ನೊಂದು ವಿಷಯ, ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಉಪಯೋಗಕ್ಕೆ ಬರಬಹುದು. ಸಾಮಾನ್ಯ ಖಾತೆಯಲ್ಲಿರುವ ಷೇರು ಬೆಲೆಯೇ ಇಲ್ಲದಂತಾದರೆ ಆ ನಷ್ಟವನ್ನು ಬ್ರಿಟನ್ನಿನ ತೆರಿಗೆ ಇಲಾಖೆಗೆ ತೋರಿಸಿ ಬೇರೆ ಷೇರುಗಳ ಲಾಭದ ಎದುರು ಹೊಂದಿಸಿಕೊಳ್ಳಬಹುದು. ಇಸಾ ಖಾತೆಯೊಳಗಿನ ನಷ್ಟಕ್ಕೆ ಆ ಸೌಲಭ್ಯವಿಲ್ಲ. ಲಾಭಕ್ಕೆ ತೆರಿಗೆಯಿಲ್ಲ, ಹಾಗೆಯೇ ನಷ್ಟಕ್ಕೆ ಲೆಕ್ಕವೂ ಇಲ್ಲ. ಅಪಾಯ ಹೆಚ್ಚಿದ್ದ ಎರಡೂ ಷೇರುಗಳನ್ನು ನಾನು ಇಸಾದಲ್ಲಿ ಇಟ್ಟಿದ್ದೆ, ನಿಶ್ಚಿಂತೆಯ ಫಂಡುಗಳನ್ನು ಹೊರಗಿಟ್ಟಿದ್ದೆ. ಇದು ನನಗೆ ಗೊತ್ತಾದದ್ದು 2023ರ ಜನವರಿ ಕೊನೆಯ ವಾರ, ರಿಟರ್ನ್ ಸಲ್ಲಿಸಲು ಕುಳಿತು ಪೆಟ್ರೊಪಾವ್ಲೊವ್‌ಸ್ಕ್‌ನ ನಷ್ಟವನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ಹುಡುಕುತ್ತಿದ್ದಾಗ.